149 ರೂಪಾಯಿಯ ಡಾಕ್ಟ್ರು

ನಮ್ಮ ಡಾಕ್ಟ್ರು ಕ್ಲಿನಿಕ್ ಮುಚ್ಚಿದ ಸುದ್ದಿ ನನಗೆ ಗೊತ್ತಾಗಿದ್ದು ಎಳನೀರು ಮಾರುವವನಿಂದ. 2023ರ ಡಿಸೆಂಬರ್ ಕೊನೆ. ಅವ್ವನಿಗೆ ಮೂರು ದಿನದಿಂದ ಕೆಮ್ಮು. ಕೆಲಸದಿಂದ ಬಂದವಳೇ ಆಟೋ ಹಿಡಿದು ಕರಕೊಂಡು ಹೋದೆ. ಶಟರ್ ಎಳೆದಿತ್ತು. ಬೋರ್ಡು ಕಿತ್ತುಹಾಕಿದ್ದರು. ಗೋಡೆಯ ಮೇಲೆ ಅದು ಇದ್ದ ಜಾಗ ಮಾತ್ರ ಬೆಳ್ಳಗೆ ಕಾಣುತ್ತಿತ್ತು. "ಡಾಕ್ಟ್ರು ಮಗಳ ಮನೆಗೆ ಹೊರಟೋದ್ರು ಮೇಡಂ, ಇನ್ನು ಬರಲ್ವಂತೆ" ಅಂದ ಎಳನೀರಿನವನು, ಕೈಯಲ್ಲಿದ್ದ ಮಚ್ಚು ಕೆಳಗಿಡದೆ.

2009ರಲ್ಲಿ ಮದುವೆಯಾಗಿ ಕಾಮಾಕ್ಷಿಪಾಳ್ಯಕ್ಕೆ ಬಂದಾಗಿನಿಂದ ನಾವು ಅವರ ಹತ್ತಿರವೇ ಹೋಗುತ್ತಿದ್ದೆವು. ಶುರುವಿನಲ್ಲಿ 50 ರೂಪಾಯಿ ತಗೊಳ್ಳುತ್ತಿದ್ದರು, ಕೊನೆಗೆ 150. ಮಾತ್ರೆಯನ್ನು ಅವರೇ ಕಾಗದದ ಪೊಟ್ಟಣ ಕಟ್ಟಿ ಕೊಡುತ್ತಿದ್ದರು, ಮೇಲೆ ಪೆನ್ನಿನಲ್ಲಿ 1-0-1 ಅಂತ ಬರೆದು. ಪೆನ್ಸಿಲಿನ್ ನನಗೆ ಆಗಲ್ಲ ಅನ್ನುವುದು ಅವರ ತಲೆಯಲ್ಲಿತ್ತು. ಫೈಲಿನಲ್ಲಿ ಇರಲಿಲ್ಲ. ಫೈಲೇ ಇರಲಿಲ್ಲ. ಅವರು ಹೋದಾಗ ನಮ್ಮ ಮನೆಯ ಹದಿನಾಲ್ಕು ವರ್ಷದ ಜ್ವರ, ನೆಗಡಿ, ಬಾಣಂತನ, ಬೈಕಿನಿಂದ ಬಿದ್ದದ್ದು, ಎಲ್ಲವೂ ಅವರ ಜೊತೆಗೇ ಹೋಯಿತು.

ನಾನೊಬ್ಬಳೇ ಆಗಿದ್ದರೆ ಮೆಡಿಕಲ್ ಶಾಪಿನಲ್ಲಿ ಮಾತ್ರೆ ತಗೊಂಡು ಸುಮ್ನಾಗುತ್ತಿದ್ದೆನೇನೋ. ಆದರೆ ಈಗ ಅವ್ವ ಇದ್ದಾಳೆ. ಅಪ್ಪ ಹೋದ ಮೇಲೆ ಕುಣಿಗಲ್ ಹತ್ತಿರದ ನಮ್ಮ ಹಳ್ಳಿಯಿಂದ ಇಲ್ಲಿಗೆ ಬಂದಳು. ವಯಸ್ಸು 66 ಅಂತ ಆಧಾರ್ ಹೇಳುತ್ತೆ, ಅವಳು ಅದಕ್ಕೂ ಜಾಸ್ತಿ ಅಂತಾಳೆ. ಸಕ್ಕರೆ ಕಾಯಿಲೆ ಒಂಬತ್ತು ವರ್ಷದಿಂದ, ಬಿಪಿ ಅದಕ್ಕಿಂತ ಹಳೆಯದು. ಅವಳಿಗೆ ಬೇಕಿದ್ದದ್ದು ದೊಡ್ಡ ಆಸ್ಪತ್ರೆಯಲ್ಲ. ತಿಂಗಳಿಗೊಮ್ಮೆ ನೋಡುವ, ಹೆಸರು ಗೊತ್ತಿರುವ, ಹತ್ತಿರದ ಒಬ್ಬ ಡಾಕ್ಟ್ರು. ಜೊತೆಗೆ, ತಿಂಗಳು ತಿಂಗಳೂ ನನ್ನ ಕೈಯಿಂದ ಸಾವಿರಗಟ್ಟಲೆ ಹೋಗಬಾರದು. ನಮ್ಮ ಮನೆಯವರು ಕ್ಯಾಬ್ ಓಡಿಸುತ್ತಾರೆ. ಒಂದು ತಿಂಗಳು ಇದ್ದಂತೆ ಇನ್ನೊಂದು ತಿಂಗಳು ಇರುವುದಿಲ್ಲ.

"ಯೋಚ್ನೆ ಯಾಕ್ ಮಾಡ್ತೀಯ ಮಗಾ, ನನ್ ಕಾರ್ಡ್ ಐತಲ್ಲ" ಅಂದಳು ಅವ್ವ. ಸೀರೆ ಗಂಟಿನೊಳಗಿಂದ ಒಂದು ಲ್ಯಾಮಿನೇಟ್ ಮಾಡಿಸಿದ ಕಾರ್ಡು ಬಂತು. ಊರಲ್ಲಿ ಯಾರೋ ಕ್ಯಾಂಪ್ ಹಾಕಿ 50 ರೂಪಾಯಿ ತಗೊಂಡು ಮಾಡಿಕೊಟ್ಟಿದ್ದಂತೆ. ಐದು ಲಕ್ಷದ ಕಾರ್ಡು, ಯಾವ ಆಸ್ಪತ್ರೆಗೆ ಹೋದರೂ ದುಡ್ಡಿಲ್ಲ ಅಂತ ಹೇಳಿ ಕೊಟ್ಟಿದ್ದರಂತೆ. ನಾನೂ ನಂಬಿದೆ. ಓದಲು ಬರುವವಳು ನಾನು, ಕಾರ್ಡಿನ ಮೇಲೆ ಏನಿದೆ ಅಂತ ಓದಬೇಕಿತ್ತು. ಓದಲಿಲ್ಲ.

ಆ ಜನವರಿ ಪೂರ್ತಿ ನಾನು ಒಂದೇ ಪ್ರಶ್ನೆ ಹಿಡಿದು ತಿರುಗಿದೆ. "ನೀವು ಕಾರ್ಡ್ ತಗೋತೀರಾ?"

ಮನೆ ಹತ್ತಿರ ಹೊಸದಾಗಿ ಆದ ಒಂದು ಕ್ಲಿನಿಕ್ಕಿನ ರಿಸೆಪ್ಷನ್ ಹುಡುಗಿ ನನ್ನ ಪ್ರಶ್ನೆಗೆ ಪಕ್ಕದವಳ ಮುಖ ನೋಡಿದಳು. "ಕನ್ಸಲ್ಟೇಶನ್ 500 ಮೇಡಂ, ಫೋನ್‌ಪೇ ಇದೆ" ಅಂದಳು. ಕಾರ್ಡಿನ ಮಾತೇ ಇಲ್ಲ. ಇನ್ನೊಂದು ನರ್ಸಿಂಗ್ ಹೋಮ್ ಗೋಡೆ ತುಂಬ ಇನ್ಶೂರೆನ್ಸ್ ಕಂಪನಿಗಳ ಹೆಸರು ಹಾಕಿದ್ದರು. ಅಲ್ಲಿ ಕೇಳಿದರೆ, "ಅಡ್ಮಿಟ್ ಆಗ್ತಾರಾ?" ಇಲ್ಲಪ್ಪ, ಕೆಮ್ಮು, ಬಿಪಿ ನೋಡಬೇಕು ಅಷ್ಟೇ. "ಹಂಗಾದ್ರೆ ಕ್ಯಾಶ್." ಮೂರನೆಯ ಕಡೆ ಡಾಕ್ಟ್ರೇ ಸಿಕ್ಕರು, ಪಾಪ ಒಳ್ಳೆಯವರು. ಕಾರ್ಡನ್ನು ತಿರುಗಿಸಿ ನೋಡಿ, "ಇದನ್ನ ಸರ್ಕಾರಿ ಆಸ್ಪತ್ರೇಲಿ ಆರೋಗ್ಯ ಮಿತ್ರ ಅಂತ ಇರ್ತಾರೆ, ಅವರಿಗೆ ತೋರಿಸಿ" ಅಂದರು. ಫೀಸು ತಗೊಳ್ಳಲಿಲ್ಲ.

ಆರೋಗ್ಯ ಮಿತ್ರರ ಕೌಂಟರಿನಲ್ಲಿ ಇದ್ದವನು ಚಿಕ್ಕ ಹುಡುಗ. ಅವನ ಮುಂದೆ ಹತ್ತು ಜನ. ನಮ್ಮ ಸರದಿ ಬಂದಾಗ ಕಾರ್ಡು ನೋಡಿ ನಿಟ್ಟುಸಿರು ಬಿಟ್ಟ. ಬೆಳಿಗ್ಗೆಯಿಂದ ಎಷ್ಟನೆಯದೋ ಏನೋ.

"ಅಮ್ಮಾ, ಇದು ಆಭಾ ಕಾರ್ಡು. ಬರೀ ನಂಬರ್ರು. ನಿಮ್ಮ ರಿಪೋರ್ಟುಗಳನ್ನ ಕಂಪ್ಯೂಟರಲ್ಲಿ ಸೇರಿಸಿಡೋಕೆ 14 ಅಂಕಿ ಕೊಟ್ಟಿರ್ತಾರೆ. ಇದ್ರಲ್ಲಿ ದುಡ್ಡಿಲ್ಲ."

"ಐದ್ ಲಕ್ಷ ಅಂದಿದ್ರಲ್ಲಪ್ಪ."

"ಅದು ಆಯುಷ್ಮಾನ್ ಕಾರ್ಡು. ಬೇರೆ."

ಆಮೇಲೆ ಅವನು ಹಿಂದಿದ್ದವರ ಗೊಣಗಾಟ ಲೆಕ್ಕಿಸದೆ ಐದು ನಿಮಿಷ ಬಿಡಿಸಿ ಹೇಳಿದ. ನಮ್ಮ ರಾಜ್ಯದಲ್ಲಿ ಅದಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಅಂತ ಹೆಸರು, 2018ರಿಂದ ಇದೆ. ಬಿಪಿಎಲ್ ಕಾರ್ಡಿದ್ದ ಮನೆಗೆ ವರ್ಷಕ್ಕೆ ಐದು ಲಕ್ಷದವರೆಗೆ. ಎಪಿಎಲ್ ಆದರೆ ಖರ್ಚಿನ ಶೇಕಡಾ 30, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಒಳಗೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಬರಬೇಕು. ಅಲ್ಲಿ ಆಗದ ಚಿಕಿತ್ಸೆಗೆ ಅವರೇ ಚೀಟಿ ಬರೆದು ಖಾಸಗಿಗೆ ಕಳಿಸುತ್ತಾರೆ. ಎಮರ್ಜೆನ್ಸಿ ಆದರೆ ಚೀಟಿ ಬೇಡ. "ಆದ್ರೆ ಅಕ್ಕಾ, ಇದು ಆಪರೇಷನ್ನು, ಹಾರ್ಟು, ಕಿಡ್ನಿ, ಅಂಥದಕ್ಕೆ. ತಿಂಗಳು ತಿಂಗಳು ಬಿಪಿ ನೋಡಿಸೋಕೆ ಯಾವ ಕ್ಲಿನಿಕ್ಕಿನವರೂ ಇದನ್ನ ತಗೊಳಲ್ಲ."

ಅಲ್ಲಿಗೆ ನನ್ನ ಒಂದು ತಿಂಗಳ ಪ್ರಶ್ನೆಗೆ ಉತ್ತರ ಸಿಕ್ಕಿತು. ಎದೆ ಒಡೆದರೆ ಕಾರ್ಡು ಇದೆ, ಒಡೆಯದಂತೆ ನೋಡಿಕೊಳ್ಳುವುದಕ್ಕೆ ಇಲ್ಲ. ಅವ್ವ ಹೊರಗೆ ಬಂದವಳೇ ಆ ಲ್ಯಾಮಿನೇಟ್ ಕಾರ್ಡನ್ನು ಮತ್ತೆ ಗಂಟಿಗೆ ಸೇರಿಸಿದಳು. "50 ರೂಪಾಯ್ ಕೊಟ್ಟಿವ್ನಿ, ಬಿಸಾಕಕ್ಕಾದದಾ?"

ಒಬ್ಬ ಇನ್ಶೂರೆನ್ಸ್ ಏಜೆಂಟನ್ನೂ ಕೇಳಿದೆ. ಅವ್ವನ ವಯಸ್ಸು, ಸಕ್ಕರೆ ಎಲ್ಲ ಕೇಳಿಕೊಂಡು ಅವನು ಹೇಳಿದ ಪ್ರೀಮಿಯಂ ನನ್ನ ಒಂದೂವರೆ ತಿಂಗಳ ಸಂಬಳ. ಸಕ್ಕರೆ ಮೊದಲೇ ಇರುವುದರಿಂದ ಅದಕ್ಕೆ ಮೂರು ವರ್ಷ ಕಾಯಬೇಕು. ಕ್ಲಿನಿಕ್ ಖರ್ಚು ಸೇರಲ್ಲ. ಅದನ್ನು ಅಲ್ಲಿಗೇ ಬಿಟ್ಟೆ. ಹತ್ತಿರದಲ್ಲಿದ್ದ, ಸರ್ಕಾರ ನಡೆಸುವ 'ನಮ್ಮ ಕ್ಲಿನಿಕ್' ಒಳ್ಳೆಯ ದಾರಿಯಾಗಿತ್ತು. ದುಡ್ಡಿಲ್ಲ, ಸಕ್ಕರೆ ಮಾತ್ರೆಯೂ ಕೊಡುತ್ತಾರೆ. ಈಗಲೂ ಸಣ್ಣಪುಟ್ಟದಕ್ಕೆ ಅವ್ವ ಒಬ್ಬಳೇ ನಡಕೊಂಡು ಹೋಗಿ ಬರುತ್ತಾಳೆ. ಆದರೆ ಅದು ಬೆಳಿಗ್ಗೆ 9ರಿಂದ ಸಂಜೆ 4:30. ನಾನು ಕೆಲಸ ಬಿಡುವುದು ಆರಕ್ಕೆ. ಅವ್ವನಿಗೆ ಡಾಕ್ಟ್ರು ಹೇಳಿದ್ದನ್ನು ಮನೆಗೆ ಬರುವಷ್ಟರಲ್ಲಿ ತನಗೆ ಬೇಕಾದಂತೆ ತಿರುಗಿಸಿಕೊಳ್ಳುವ ಅಭ್ಯಾಸ. "ಡಾಕ್ಟ್ರು ಬಾಳೆಹಣ್ಣು ತಿನ್ನು ಅಂದ್ರು" ಅಂತಾಳೆ. ಅಂದಿರಲಿಕ್ಕಿಲ್ಲ.

ಇನ್ನು ನಾಚಿಕೆಯ ವಿಷಯಕ್ಕೆ ಬರುತ್ತೇನೆ.

ನಾನು ಬಾಟಲಿ ಮುಚ್ಚಳ ಮಾಡುವ ಒಂದು ಸಣ್ಣ ಯೂನಿಟ್ಟಿನಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. 27 ಜನ ಇದ್ದೇವೆ. ಹತ್ತು ಜನ ಅಥವಾ ಅದಕ್ಕಿಂತ ಜಾಸ್ತಿ ಇರುವ ಕಡೆ ಇಎಸ್‌ಐ, ಅಂದರೆ ಕೆಲಸಗಾರರ ಸರ್ಕಾರಿ ಆರೋಗ್ಯ ವಿಮೆ, ಕಡ್ಡಾಯ. ಪ್ರತಿ ತಿಂಗಳು 15ನೇ ತಾರೀಕಿನ ಒಳಗೆ ಹಿಂದಿನ ತಿಂಗಳ ಇಎಸ್‌ಐ ಚಲನ್ ಕಟ್ಟುವವಳು ನಾನೇ. 2019ರ ಜುಲೈನಲ್ಲಿ ನೌಕರರ ಪಾಲು ಶೇಕಡಾ 1.75ರಿಂದ 0.75ಕ್ಕೆ, ಮಾಲೀಕರ ಪಾಲು 4.75ರಿಂದ 3.25ಕ್ಕೆ ಇಳಿದಾಗ ಎಕ್ಸೆಲ್‌ನಲ್ಲಿ ಫಾರ್ಮುಲಾ ಬದಲಿಸಿದ್ದೂ ನಾನೇ. ಓನರ್ ಅವತ್ತು ಎಲ್ಲರಿಗೂ ಬಾದುಷಾ ತರಿಸಿದ್ದರು, ಚೆನ್ನಾಗಿ ನೆನಪಿದೆ.

ಫೆಬ್ರುವರಿ ಮೊದಲ ವಾರ ಪೇಸ್ಲಿಪ್ ತೆಗೆಯುತ್ತಿದ್ದೆ. ನನ್ನದೇ ಸ್ಲಿಪ್ ಪ್ರಿಂಟರಿನಿಂದ ಬಂತು. ಸಂಬಳ 19,800. ಕೆಳಗೆ ಕಟಾವಿನ ಸಾಲು: ಇಎಸ್‌ಐ 149. ನನ್ನ ಹೆಸರಿನಲ್ಲಿ ಕಂಪನಿ ಕಟ್ಟುವುದು ಇನ್ನೊಂದು 644.

2010ರಲ್ಲಿ ಪೀಣ್ಯದಲ್ಲಿ ಮೊದಲ ಕೆಲಸಕ್ಕೆ ಸೇರಿದಾಗಿನಿಂದ ಕಟ್ಟುತ್ತಿದ್ದೇನೆ. ಒಂದೇ ಒಂದು ಸಲ ಇಎಸ್‌ಐ ಡಿಸ್ಪೆನ್ಸರಿಯ ಬಾಗಿಲು ನೋಡಿಲ್ಲ. ನಮ್ಮಲ್ಲಿ ಯಾರೂ ಹೋಗುವುದಿಲ್ಲ. ಇಎಸ್‌ಐ ಅಂದರೆ ಒಂದು ದಿನ ರಜೆ, ಮೂರು ಕ್ಯೂ, ಎಲ್ಲ ಕಾಯಿಲೆಗೂ ಒಂದೇ ಬಣ್ಣದ ಮಾತ್ರೆ ಅನ್ನುವ ಮಾತು ನಾನು ಕೆಲಸಕ್ಕೆ ಸೇರಿದ ದಿನದಿಂದ ಕೇಳಿದ್ದೇನೆ. ಹೇಳಿದ್ದೇನೆ ಕೂಡ. ಕಾರ್ಡ್ ತಗೊಳ್ಳುವ ಡಾಕ್ಟ್ರಿಗಾಗಿ ಊರೆಲ್ಲ ಸುತ್ತಿದವಳ ಬ್ಯಾಗಿನಲ್ಲೇ, ಕ್ಲಿನಿಕ್ಕಿನ ಚಿಕಿತ್ಸೆಗೂ ಸಲ್ಲುವ ಕಾರ್ಡು ಇತ್ತು. ಅಡ್ಮಿಟ್ ಆಗಬೇಕಿಲ್ಲ. ಕೆಮ್ಮಿಗೂ ನಡೆಯುತ್ತದೆ. ಅಪ್ಪ ಅಮ್ಮ ನಮ್ಮನ್ನೇ ನಂಬಿಕೊಂಡಿದ್ದು, ಅವರ ತಿಂಗಳ ವರಮಾನ 9,000 ರೂಪಾಯಿ ಮೀರದಿದ್ದರೆ ಅವರಿಗೂ ನಡೆಯುತ್ತದೆ. ಅವ್ವನ ವಿಧವಾ ವೇತನ, ಗೃಹಲಕ್ಷ್ಮಿಯ 2,000 ಎಲ್ಲ ಕೂಡಿಸಿದರೂ ಅದರ ಹತ್ತಿರಕ್ಕೂ ಬರಲ್ಲ. ಈ ನಿಯಮ ನನಗೆ ಗೊತ್ತಿತ್ತು. ಬೇರೆಯವರ ಅಪ್ಪ ಅಮ್ಮನ ಹೆಸರು ಸೇರಿಸುವಾಗ ನಾನೇ ಹೇಳುತ್ತಿದ್ದೆ.

ಅವತ್ತೇ ಅವ್ವನ ಆಧಾರ್, ಫೋಟೋ ಹಾಕಿ ಹೆಸರು ಸೇರಿಸಿದೆ. ಇ-ಪೆಹಚಾನ್ ಅನ್ನುವ ಇಎಸ್‌ಐ ಗುರುತಿನ ಕಾರ್ಡು ಪ್ರಿಂಟ್ ತೆಗೆದು, ಓನರ್ ಕೈಲಿ ಸೀಲು ಹಾಕಿಸಿ, ಮಾರನೇ ಶನಿವಾರ ಅರ್ಧ ದಿನ ರಜೆ ಹೇಳಿ ಹೊರಟೆವು. ಹತ್ತಿರದ ಡಿಸ್ಪೆನ್ಸರಿಗೆ ಹೋದರೆ ಕೌಂಟರಿನವರು ನಂಬರು ಹೊಡೆದು ನೋಡಿ, "ನಿಮ್ದು ಇಲ್ಲಿಲ್ಲಮ್ಮ, ಪೀಣ್ಯ ಕಡೆ ಇದೆ" ಅಂದರು.

ಇದು ಇಎಸ್‌ಐ ಗೊತ್ತಿಲ್ಲದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಒಮ್ಮೆ ಸಿಕ್ಕ ಇಎಸ್‌ಐ ನಂಬರು ಕೆಲಸ ಬದಲಾಯಿಸಿದರೂ ಅದೇ ಇರುತ್ತೆ. ಅದರ ಜೊತೆಗೆ ಒಂದು ಡಿಸ್ಪೆನ್ಸರಿಯ ಹೆಸರು ಅಂಟಿಕೊಂಡಿರುತ್ತೆ. ಯಾವ ಕ್ಲಿನಿಕ್ಕಿಗೆ ಹೋದರೆ ಕಾರ್ಡು ತಗೋತಾರೆ ಅಂತ ಹುಡುಕುವ ಹಾಗಿಲ್ಲ. ಕಾರ್ಡೇ ನಿಮ್ಮನ್ನು ಒಂದು ಡಿಸ್ಪೆನ್ಸರಿಗೆ ಒಪ್ಪಿಸಿಬಿಟ್ಟಿರುತ್ತೆ. ಮನೆ ಬದಲಾದರೆ ಅದನ್ನು ಬದಲಾಯಿಸಿಕೊಳ್ಳಬೇಕಾದವರು ನಾವು. ನನ್ನದು ಹದಿನಾಲ್ಕು ವರ್ಷದಿಂದ ಪೀಣ್ಯದಲ್ಲೇ ಕೂತಿತ್ತು, ಯಾರೂ ಬಂದು ಕೇಳದೆ.

ಬದಲಾವಣೆಗೆ ಅರ್ಜಿ ಹಾಕಿ ಮತ್ತೆ ಎರಡು ವಾರ ಬಿಟ್ಟು ಹೋದೆವು. ಬೆಳಿಗ್ಗೆ ಎಂಟೂವರೆಗೇ ಬೆಂಚು ತುಂಬಿತ್ತು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಕೊರಳಲ್ಲಿ ಐಡಿ ಕಾರ್ಡ್ ನೇತಾಡಿಸಿಕೊಂಡ ಸೆಕ್ಯುರಿಟಿಯವರು, ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡ ಒಬ್ಬ ಲೇತ್ ಹುಡುಗ. ಕ್ಯೂ ಮೂರು ಅಂತ ಕೇಳಿದ್ದು ಸುಳ್ಳಲ್ಲ. ಚೀಟಿಗೊಂದು, ಡಾಕ್ಟ್ರಿಗೊಂದು, ಔಷಧಿಗೊಂದು. ಡಿಸ್ಪೆನ್ಸರಿ ಯಾವುದು ಅಂತ ಬರೆಯುವುದಿಲ್ಲ. ಬರೆದರೆ ನಾಳೆ ನನಗೇ ಜಾಗ ಸಿಗಲ್ಲ.

ಒಳಗೆ ಇದ್ದವರು ಐವತ್ತರ ಆಸುಪಾಸಿನ ಮೇಡಂ. ಟೇಬಲ್ ಫ್ಯಾನ್ ಪೇಪರ್ ಹಾರಿಸದಂತೆ ಬಿಪಿ ಯಂತ್ರವನ್ನೇ ಭಾರ ಇಟ್ಟಿದ್ದರು. ಅವ್ವನ ಹಳೆಯ ಚೀಟಿಗಳನ್ನೆಲ್ಲ ಒಂದೊಂದಾಗಿ ನೋಡಿ, "ಎಷ್ಟು ವರ್ಷ ಆಯ್ತು ಶುಗರ್ರು?" ಅಂದರು. ಆಮೇಲೆ ನಾನು ನಿರೀಕ್ಷಿಸದೇ ಇದ್ದ ಮಾತು ಹೇಳಿದರು.

"ಚಪ್ಪಲಿ ಬಿಡಿ ಅಮ್ಮ. ಕಾಲು ಈ ಸ್ಟೂಲ್ ಮೇಲಿಡಿ."

ಅವ್ವ ಹಿಂಜರಿದಳು. ಡಾಕ್ಟ್ರ ಮುಂದೆ ಕಾಲು ಚಾಚುವುದು ಹೇಗೆ? "ಬ್ಯಾಡ ಬುಡವ್ವ, ಕಾಲೇನಾಗಿಲ್ಲ" ಅಂದಳು. ಮೇಡಂ ಬಿಡಲಿಲ್ಲ. ಕುರ್ಚಿ ಎಳೆದುಕೊಂಡು ಎದುರಿಗೆ ಬಂದು ಕೂತರು. ಬೆರಳುಗಳ ಸಂದಿಯನ್ನು ಒಂದೊಂದಾಗಿ ಬಿಡಿಸಿ ನೋಡಿದರು, ಮಗುವಿನ ಕಾಲು ನೋಡುವ ಹಾಗೆ. ಹಿಮ್ಮಡಿಯ ಬಿರುಕನ್ನು ಒತ್ತಿದರು. ಪಾದದ ಮೇಲೆ ಎರಡು ಬೆರಳಿಟ್ಟು ನಾಡಿ ಹುಡುಕಿದರು. ಆಮೇಲೆ ಒಂದು ಚೂರು ಹತ್ತಿ ಕಿತ್ತು, ಎಳೆ ಮಾಡಿ ಹೊಸೆದು, "ಕಣ್ಣು ಮುಚ್ಚಿ. ಎಲ್ಲಿ ಮುಟ್ತೀನೋ ಅಲ್ಲಿ ಹ್ಞೂಂ ಅನ್ನಿ" ಅಂದರು.

ಬಲಗಾಲು. ಹ್ಞೂಂ. ಹ್ಞೂಂ. ಹ್ಞೂಂ.

ಎಡಗಾಲಿನ ಹೆಬ್ಬೆರಳು. ಹ್ಞೂಂ. ಕಿರುಬೆರಳು.

ಅವ್ವ ಕಣ್ಣು ಮುಚ್ಚಿಕೊಂಡು ಕಾಯುತ್ತಿದ್ದಳು. ಮೇಡಂ ಮತ್ತೆ ಮುಟ್ಟಿದರು. ಅವಳು ಇನ್ನೂ ಕಾಯುತ್ತಿದ್ದಳು. ನನಗೆ ಹತ್ತಿ ಕಾಣುತ್ತಿತ್ತು, ಕಾಲು ಕಾಣುತ್ತಿತ್ತು. ಆ "ಹ್ಞೂಂ" ಮಾತ್ರ ಬರಲಿಲ್ಲ.

"ಮುಟ್ಟವ್ವ" ಅಂದಳು ಅವ್ವ ಕೊನೆಗೆ.

ಒಂಬತ್ತು ವರ್ಷದಲ್ಲಿ ಅವ್ವ ಎಷ್ಟು ಡಾಕ್ಟ್ರನ್ನು ನೋಡಿದ್ದಳೋ. ನಮ್ಮ ಹಳೇ ಡಾಕ್ಟ್ರೂ ಸೇರಿ ಯಾರೂ ಅವಳ ಚಪ್ಪಲಿ ಬಿಡಿಸಿರಲಿಲ್ಲ. ಅವರ ಬಗ್ಗೆ ನನಗೆ ಈಗಲೂ ಗೌರವ ಇದೆ. ಆದರೆ ಇದನ್ನು ಬರೆಯದೇ ಇರಲು ಆಗಲ್ಲ.

ಮೇಡಂ ಗಾಬರಿ ಮಾಡಲಿಲ್ಲ. ಸಕ್ಕರೆ ಜಾಸ್ತಿ ದಿನ ಇದ್ದರೆ ನರದ ಸ್ಪರ್ಶ ಹೀಗೆ ಮಂದವಾಗುತ್ತೆ, ಗಾಯ ಆದರೂ ಗೊತ್ತಾಗಲ್ಲ, ಗೊತ್ತಾಗದೆ ಇರುವುದೇ ಅಪಾಯ ಅಂತ ಹೇಳಿದರು. ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು. ರಾತ್ರಿ ಮಲಗುವ ಮುಂಚೆ ಕಾಲು ನೋಡಿಕೊಳ್ಳಬೇಕು, ಕಾಣದಿದ್ದರೆ ಮೊಮ್ಮಗಳ ಕೈಲಿ ನೋಡಿಸಬೇಕು. ಬಿಸಿನೀರನ್ನು ಮೊದಲು ಕೈಯಲ್ಲಿ ಮುಟ್ಟಿ ನೋಡಿ ಆಮೇಲೆ ಕಾಲಿಗೆ ಹಾಕಬೇಕು. ಊಟ ಏನು ಅಂದರು. "ಮುದ್ದೆ" ಅಂದಳು ಅವ್ವ, ಸಕ್ಕರೆಯವರಿಗೆ ಮುದ್ದೆ ಒಳ್ಳೇದು ಅನ್ನುವ ಧೈರ್ಯದಲ್ಲಿ. "ಎಷ್ಟು ದಪ್ಪ? ತೋರಿಸಿ." ಅವ್ವ ಎರಡೂ ಅಂಗೈ ಜೋಡಿಸಿ ತೋರಿಸಿದಳು. ಮೇಡಂ ಅವಳ ಒಂದು ಕೈ ಹಿಡಿದು ಮುಷ್ಟಿ ಮಾಡಿಸಿದರು. "ಇಷ್ಟು. ಉಳಿದಿದ್ದಕ್ಕೆ ಸೊಪ್ಪು."

ಕೊನೆಗೆ ನನ್ನ ಕಡೆ ತಿರುಗಿ, "ಮುಂದಿನ ಸಲ ಬರುವಾಗ ಒಂದು ಉದ್ದ ನೋಟ್‌ಬುಕ್ ತನ್ನಿ. ಈ ಬಿಡಿ ಚೀಟಿ ಎಲ್ಲ ಬೇಡ" ಅಂದರು. ಏಳನೇ ಕ್ಲಾಸಿನ ನನ್ನ ಮಗಳ ಅರ್ಧ ತುಂಬಿದ ಗಣಿತದ ಪುಸ್ತಕ ಇತ್ತು. ಅದನ್ನೇ ತಗೊಂಡು ಹೋದೆ. ಈಗ ಅದರಲ್ಲಿ ಮುಂದಿನಿಂದ ಭಿನ್ನರಾಶಿ, ಹಿಂದಿನಿಂದ ಅವ್ವನ ಸಕ್ಕರೆ. ಎಡಗಾಲಿನ ಒಂದು ಚಿತ್ರವನ್ನೂ ಮೇಡಂ ಬರೆದಿದ್ದಾರೆ. ಸ್ಪರ್ಶ ಇಲ್ಲದ ಕಡೆ ಪೆನ್ನಿನಲ್ಲಿ ಗೆರೆ ಎಳೆದಿದ್ದಾರೆ.

ಎಲ್ಲವೂ ಸಲೀಸು ಅಂತ ಹೇಳುತ್ತಿಲ್ಲ. ಎರಡನೆಯ ತಿಂಗಳು ಔಷಧಿ ಕೌಂಟರಿನಲ್ಲಿ ಸಕ್ಕರೆ ಮಾತ್ರೆ ಕೊಟ್ಟರು, ಬಿಪಿದು ಸ್ಟಾಕ್ ಇಲ್ಲ, ಶುಕ್ರವಾರ ಬನ್ನಿ ಅಂದರು. ಶುಕ್ರವಾರ ಹೋಗಲು ನನಗೆಲ್ಲಿ ರಜೆ? ಜನೌಷಧಿ ಅಂಗಡಿಯಲ್ಲಿ ತಗೊಂಡೆ, ಜಾಸ್ತಿ ಏನೂ ಆಗಲಿಲ್ಲ. ಒಂದು ಸಲ ಕಂಪ್ಯೂಟರ್ ಕೆಟ್ಟು ಹತ್ತೂವರೆವರೆಗೆ ಬೆಂಚಿನ ಮೇಲೆ ಕೂತೆವು. ಶೌಚಾಲಯದ ವಿಷಯ ಮಾತಾಡುವುದು ಬೇಡ. ಆದರೆ ಆ ಬೆಂಚಿನ ಮೇಲೆ ಅವ್ವನಿಗೆ ಗೆಳತಿಯರಾಗಿದ್ದಾರೆ. ಮಾಗಡಿ ಕಡೆಯ ಒಬ್ಬರು, ಮಗ ಸೆಕ್ಯುರಿಟಿ ಕೆಲಸದಲ್ಲಿದ್ದಾನೆ. ಇವರಿಬ್ಬರೂ ಡಾಕ್ಟ್ರ ರೂಮಿನ ಬಾಗಿಲು ತೆರೆದಾಗಲೆಲ್ಲ ಒಳಗೆ ಬಗ್ಗಿ ನೋಡಿ, ಒಳಗಿರುವವರ ಕಾಯಿಲೆ ಏನಿರಬಹುದು ಅಂತ ತೀರ್ಮಾನ ಮಾಡುತ್ತಾರೆ. ಮಂಡ್ಯದಲ್ಲಿ ಐದು ರೂಪಾಯಿಗೆ ನೋಡುವ ಶಂಕರೇಗೌಡ ಡಾಕ್ಟ್ರ ಸುದ್ದಿಯೂ ಬರುತ್ತೆ. "ಅಲ್ಲಿ ಐದು ರೂಪಾಯ್, ಇಲ್ಲಿ ಅದೂ ಇಲ್ಲ" ಅಂತ ಅವ್ವ ಹೆಮ್ಮೆಯಿಂದ ಹೇಳಿದಳಂತೆ. ನನ್ನ 149ರ ಲೆಕ್ಕ ಅವಳಿಗೆ ಹೇಳಲು ಹೋಗಲಿಲ್ಲ.

ಕಣ್ಣು ನೋಡಿಸಲು ಮೇಡಂ ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರೆದುಕೊಟ್ಟರು. ದೊಡ್ಡ ಆಸ್ಪತ್ರೆ, ಮೆಡಿಕಲ್ ಕಾಲೇಜೂ ಜೊತೆಗೇ ಇದೆ. ಡಿಸ್ಪೆನ್ಸರಿಯ ಚೀಟಿ ಇದ್ದುದರಿಂದ ಎಲ್ಲಿಗೆ ಹೋಗಬೇಕು ಅನ್ನುವುದು ಸರಿಯಾಗಿ ಗೊತ್ತಿತ್ತು. ಕಣ್ಣಿಗೆ ಡ್ರಾಪ್ಸ್ ಬಿಟ್ಟು ಕೂರಿಸಿ, ಒಳಗಿನ ಪರದೆ ನೋಡಿದರು. ಸದ್ಯಕ್ಕೆ ಏನಿಲ್ಲ, ವರ್ಷಕ್ಕೊಮ್ಮೆ ಬನ್ನಿ ಅಂದರು. ವಾಪಸ್ ಬರುವಾಗ ಬಸ್ಸಿನಲ್ಲಿ ಅವ್ವನಿಗೆ ಎಲ್ಲ ಮಸುಕು. ಕಂಡಕ್ಟರ್ ಕೊಟ್ಟ ಫ್ರೀ ಟಿಕೆಟನ್ನು ಕಣ್ಣ ಹತ್ತಿರ ಹಿಡಿದು ಹಿಂದೆ ಮುಂದೆ ಮಾಡುತ್ತಿದ್ದಳು. ಹಾಗೂ ಬಿಡಲಿಲ್ಲ, "ಇದರಾಗೆ ಸೊನ್ನೆ ಅಂತಲೇ ಬರ್ದವ್ರಾ ನೋಡು" ಅಂತ ನನ್ನ ಕೈಗೆ ಕೊಟ್ಟಳು.

ಮಾರ್ಚ್ ಕೊನೆಯಲ್ಲಿ ಓನರ್ ಕರೆದರು. "ಏಪ್ರಿಲಿಂದ ನಿನಗೆ ಸಾವಿರದ ಐನೂರು ಜಾಸ್ತಿ ಮಾಡ್ತೀನಮ್ಮ."

ಬೇರೆ ವರ್ಷವಾಗಿದ್ದರೆ ಥ್ಯಾಂಕ್ಸ್ ಸರ್ ಅಂದು ಹೊರಗೆ ಬಂದು ಮನೆಯವರಿಗೆ ಫೋನ್ ಮಾಡುತ್ತಿದ್ದೆ. ಈ ಸಲ ತಲೆಯಲ್ಲಿ ಮೊದಲು ಓಡಿದ್ದು ಕೂಡುವ ಲೆಕ್ಕ. 19,800ಕ್ಕೆ 1,500 ಸೇರಿದರೆ 21,300. ಇಎಸ್‌ಐಗೆ ಸಂಬಳದ ಮಿತಿ ಆಗ 21,000. ಅದು 15,000ದಿಂದ 21,000ಕ್ಕೆ ಏರಿದ್ದು 2017ರ ಜನವರಿಯಲ್ಲಿ, ಆಮೇಲೆ ಅಲ್ಲಾಡಿರಲಿಲ್ಲ. ಮುನ್ನೂರು ರೂಪಾಯಿಗೆ ನಾನು ಹೊರಗೆ. ನಾನು ಹೊರಗೆ ಅಂದರೆ ಅವ್ವನೂ ಹೊರಗೆ.

ಅದರಲ್ಲೂ ಏಪ್ರಿಲ್ ಅನ್ನುವುದು ಕೆಟ್ಟ ತಿಂಗಳು. ಇಎಸ್‌ಐನಲ್ಲಿ ವರ್ಷವನ್ನು ಎರಡು ಪಾಲು ಮಾಡಿರುತ್ತಾರೆ, ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಪಾಲಿನ ಮಧ್ಯದಲ್ಲಿ ಸಂಬಳ 21,000 ದಾಟಿದರೆ ಆ ಪಾಲು ಮುಗಿಯುವವರೆಗೂ ಕಟ್ಟುತ್ತಲೇ ಇರುತ್ತೇವೆ, ಕಾರ್ಡೂ ನಡೆಯುತ್ತೆ. ಪಾಲಿನ ಮೊದಲ ದಿನವೇ ದಾಟಿದರೆ ಅವತ್ತಿಗೇ ಹೊಸದಾಗಿ ಕಟ್ಟುವುದು ನಿಂತಿತು. ಮಾರ್ಚ್‌ವರೆಗೆ ಕಟ್ಟಿದ್ದಕ್ಕೆ ಡಿಸೆಂಬರ್ ಕೊನೆಯವರೆಗೆ ಚಿಕಿತ್ಸೆ ಸಿಗುತ್ತೆ. ಅದೇ ಮೇನಲ್ಲಿ ಏರಿಸಿದರೆ ಮುಂದಿನ ವರ್ಷದ ಜೂನ್‌ವರೆಗೆ. ಒಂದು ತಿಂಗಳ ವ್ಯತ್ಯಾಸಕ್ಕೆ ಅರ್ಧ ವರ್ಷದ ಡಾಕ್ಟ್ರು. ಹದಿನಾಲ್ಕು ವರ್ಷದಿಂದ ಈ ಲೆಕ್ಕವನ್ನು ಬೇರೆಯವರಿಗೆ ಹಾಕಿಕೊಟ್ಟವಳು ನಾನು. ನನ್ನದೇ ಹಾಕುವಾಗ ಕೈ ಬೆವೆತಿತ್ತು.

"ಸರ್, ಸಾವಿರದ ನೂರು ಸಾಕು" ಅಂದೆ.

ಅವರು ಕನ್ನಡಕ ತೆಗೆದರು. "ಜಾಸ್ತಿ ಕೊಡ್ತೀನಿ ಅಂದ್ರೆ ಬೇಡ ಅಂತೀಯಲ್ಲಮ್ಮ."

ಅವ್ವನ ಕಾಲಿನ ಕಥೆ ಹೇಳಿದೆ. ಅವರಿಗೂ ಸಕ್ಕರೆ ಇದೆ. ಮೇಜಿನ ಕೆಳಗೆ ತಮ್ಮ ಶೂಗಳ ಕಡೆ ಒಮ್ಮೆ ನೋಡಿಕೊಂಡರು. "ಆಯ್ತು, ಉಳಿದದ್ದನ್ನ ಆಯುಧಪೂಜೆ ಬೋನಸ್ಸಲ್ಲಿ ನೋಡೋಣ" ಅಂದರು. ವರ್ಷಕ್ಕೊಮ್ಮೆ ಕೊಡುವ ಬೋನಸ್ ಆ ಮಿತಿಯ ಲೆಕ್ಕಕ್ಕೆ ಬರಲ್ಲ. ಈಗ ನನ್ನ ಸಂಬಳ 20,900. ಕಟ್ ಆಗುವುದು 157. ಸಂಬಳ ಏರುವುದೇ ಬೇಡ ಅಂತ ಎಷ್ಟು ವರ್ಷ ಹೇಳಲಾಗುತ್ತೆ? ನಮ್ಮ ಮನೆಯವರು ಈ ಪ್ರಶ್ನೆಯನ್ನು ಒಂದೇ ಸಲ ಕೇಳಿ ಸುಮ್ಮನಾದರು.

ಮೇಡಂ ಬಗ್ಗೆಯೂ ಒಂದು ಭಯ ಇದೆ. ಸರ್ಕಾರಿ ಕೆಲಸ, ವರ್ಗಾವಣೆ ಬಂದರೆ ಹೊರಡಲೇಬೇಕು. ಮೇ ತಿಂಗಳಲ್ಲಿ ಹೋದಾಗ ಕೇಳಿಯೇಬಿಟ್ಟೆ. "ನಿಮಗೆ ವರ್ಗ ಆದ್ರೆ ನಾವೇನು ಮಾಡೋದು ಮೇಡಂ?" ಅವರು ನಕ್ಕು, ಬರೆಯುತ್ತಿದ್ದ ಗಣಿತದ ಪುಸ್ತಕವನ್ನು ಮುಚ್ಚಿ ಅವ್ವನ ಕೈಗೆ ಕೊಟ್ಟರು. "ಇದನ್ನ ಕಳಕೊಬೇಡಿ" ಅಂದರು, ಅಷ್ಟೇ. ಅವ್ವ ಈಗ ಅದನ್ನು ಆಭಾ ಕಾರ್ಡಿನ ಜೊತೆ ಟ್ರಂಕಿನಲ್ಲಿ ಇಟ್ಟಿದ್ದಾಳೆ. ಮಗಳು ಭಿನ್ನರಾಶಿ ನೋಡಬೇಕು ಅಂದರೆ ಬೀಗ ತೆಗೆಸಬೇಕು.

ಇನ್ನೊಂದು ಉಳಿದಿದೆ. ಹೊಸಬರು ಕೆಲಸಕ್ಕೆ ಸೇರಿದಾಗ ಅವರ ಹೆಸರು ಇಎಸ್‌ಐಗೆ ಸೇರಿಸುವಾಗ ಡಿಸ್ಪೆನ್ಸರಿಗಳ ಒಂದು ಪಟ್ಟಿ ತೆರೆದುಕೊಳ್ಳುತ್ತೆ. ಒಂದನ್ನು ಒತ್ತಿದರೆ ಮುಂದಕ್ಕೆ ಹೋಗುತ್ತೆ. ಇಷ್ಟು ವರ್ಷ ನಾನು ಕಣ್ಣಿಗೆ ಮೊದಲು ಬಿದ್ದದ್ದನ್ನು ಒತ್ತುತ್ತಿದ್ದೆ. ಲಗ್ಗೆರೆಯವನಿಗೂ ಅದೇ, ನಾಯಂಡಹಳ್ಳಿಯಿಂದ ಬರುವವಳಿಗೂ ಅದೇ. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಇಎಸ್‌ಐಗೆ ಹೋಗಿ ಏನೂ ಪ್ರಯೋಜನ ಇಲ್ಲ ಅಂತ ನಮ್ಮ ಹುಡುಗರು ಬೈಯುತ್ತಿದ್ದುದರಲ್ಲಿ ನನ್ನ ಒಂದು ಬೆರಳಿನ ಪಾಲು ಎಷ್ಟೋ. ಜೂನ್‌ನಲ್ಲಿ ಊಟದ ಬಿಡುವಿನಲ್ಲಿ ಒಬ್ಬೊಬ್ಬರನ್ನೇ ಕರೆದು ಮನೆ ಎಲ್ಲಿ ಅಂತ ಕೇಳಿ ಬರಕೊಂಡೆ. 27ರಲ್ಲಿ 19 ಜನರದ್ದು ತಪ್ಪಾಗಿತ್ತು.

ಕೊನೆಗೆ ಬಂದವನು ಮೋಲ್ಡಿಂಗ್ ಮಷೀನಿಗೆ ಹೊಸದಾಗಿ ಸೇರಿದ ಹುಡುಗ, ರಾಯಚೂರು ಕಡೆಯವನು.

"ಮನೆ ಎಲ್ಲಪ್ಪ?"

"ಸುಂಕದಕಟ್ಟಿ ರೀ ಅಕ್ಕಾರ."

"ಅಪ್ಪ ಅಮ್ಮ?"

"ಊರಾಗ ಅದಾರ್ರಿ."

ಅವರ ಹೆಸರು ಸೇರಿಸಬಹುದು, ಅವರಿಗೆ ಊರಿನ ಹತ್ತಿರದ ಡಿಸ್ಪೆನ್ಸರಿಯನ್ನೇ ಬೇರೆ ಹಾಕಬಹುದು, ವಿಳಾಸ ಹೇಳು ಅಂದೆ. ಅವನು ಸ್ವಲ್ಪ ಹೊತ್ತು ನನ್ನನ್ನೇ ನೋಡಿದ. ಪಿನ್ ಕೋಡ್ ನೆನಪಿಲ್ಲ ರೀ ಅಂದ. ಊಟದ ಡಬ್ಬಿಯನ್ನು ನನ್ನ ಮೇಜಿನ ಮೇಲೇ ಬಿಟ್ಟು, ಅವ್ವನಿಗೆ ಫೋನ್ ಮಾಡಲು ಮಷೀನಿನ ಸದ್ದಿಲ್ಲದ ಕಡೆ ಹುಡುಕಿಕೊಂಡು ಹೊರಗೆ ಹೋದ.